ಹರಿದದ್ದು ಯಾವುದರಿಂದ

ಮ್ಯಾನೇಜರ್ ಟ್ರೆಂಟ್ ಕತ್ತರಿಯನ್ನು ಮೇಜಿನ ಮೇಲಿಟ್ಟು ನಗುತ್ತ ನಿಂತಿದ್ದ. ಆ ನಗೆ ಕಂಡರೇ ವರ್ನಾಗೆ ಮೈಯೆಲ್ಲ ಉರಿಯುತ್ತಿತ್ತು. ಸಿಯಾಟಲ್‌ನ ಆ ಅಂಗಡಿಯಲ್ಲಿ ಬೆಟ್ಟ ಹತ್ತುವವರ ಬೆನ್ನುಚೀಲ ಹೊಲಿಯಲು ಆಕೆ ಕೂತಾಗ ಈ ಪುಣ್ಯಾತ್ಮ ಹುಟ್ಟಿರಲೂ ಇಲ್ಲ.

ಮೇಜಿನ ಮೇಲಿದ್ದದ್ದು ಓರಿನ್ ಮುದುಕನ ಹಸಿರು ಚೀಲ. ಐವತ್ತು ವರ್ಷದ ಹಿಂದೆ ಅದರ ಬಟ್ಟೆ ಕತ್ತರಿಸಿದವನು ಅಂಗಡಿ ಕಟ್ಟಿದ ಹಾಕನ್, ಹೊಲಿದವಳು ವರ್ನಾ. ಈಗ ಹೆಗಲಪಟ್ಟಿಯ ಬುಡದಲ್ಲಿ ಹೊಲಿಗೆ ಬಿಟ್ಟಿತ್ತು, ಅಷ್ಟೇ.

“ಎರಡು ತುಂಡು ಮಾಡಿ, ಸಾಕ್ಷಿಗೆ ಫೋಟೋ ತೆಗೆದು ಹೆಡ್ಡಾಫೀಸಿಗೆ ಕಳಿಸಿ. ಓರಿನ್ ಅವರಿಗೆ ಹೊಸದು ಕೊಡೋಣ,” ಎಂದ ಟ್ರೆಂಟ್.

“ಹತ್ತು ನಿಮಿಷದ ಕೆಲಸ ಕಣಯ್ಯಾ.”

“ಹಳೇದನ್ನೇ ಹೊಲೀತಾ ಕೂತ್ರೆ ನಮ್ಮ ಹೊಸ ಚೀಲ ಯಾರು ಹೊರ್ತಾರೆ ವರ್ನಾ?”

ಕಂಪನಿ ಕೊಂಡವರು ಸತ್ತ ಹಾಕನ್‌ನ ಫೋಟೋವನ್ನು ಆಳೆತ್ತರ ಮಾಡಿ ಗೋಡೆಗೆ ಹಾಕಿದ್ದರು, ಅದರ ಕೆಳಗೆ ಅವನು ಕೊಟ್ಟ ಗ್ಯಾರಂಟಿ. ಹೊಸ ಚೀಲಗಳ ಮೇಲೆಲ್ಲ ಅವನ ಹೆಸರು. ಅವನೇ ಮಾಡಿದ ಚೀಲ ಬಾಗಿಲಿಗೆ ಬಂದರೆ ಮಾತ್ರ ಕತ್ತರಿ. ಎಂಥ ಭಕ್ತಿ ಇವರದು.

ಅಷ್ಟು ಹೊತ್ತೂ ಕಾಯುತ್ತ ಕೂತಿದ್ದ ಓರಿನ್ ಕುರ್ಚಿಯಿಂದೆದ್ದು ಬಂದ. “ಹೊಸದು ಬೇಡ ವರ್ನಾ. ಶನಿವಾರ ಬೆಟ್ಟಕ್ಕೆ ಹೊರಟಿದ್ದೀನಿ. ನನ್ನ ಬೆನ್ನು ಇದೊಂದನ್ನೇ ಒಪ್ಪೋದು. ಈ ವಯಸ್ಸಲ್ಲಿ ಅದಕ್ಕೆ ಹೊಸ ಪಾಠ ಹೇಳಿಕೊಡೋಕಾಗುತ್ತಾ?”

ವರ್ನಾ ಚೀಲಕ್ಕೆ ಕೈ ಚಾಚುವಷ್ಟರಲ್ಲಿ ಟ್ರೆಂಟ್ ಹೆಗಲಪಟ್ಟಿಯನ್ನು ನಡುವೆಯೇ ಕತ್ತರಿಸಿಬಿಟ್ಟ. ಫೋಟೋ ತೆಗೆದ. “ಮುಗೀತಲ್ಲ,” ಎಂದ.

ಓರಿನ್ ಮುಖ ಬಿಳಿಚಿಕೊಂಡಿತು. ವರ್ನಾಗೆ ಆ ಕತ್ತರಿಯನ್ನು ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ದಪ್ಪ ಚರ್ಮದ ತುಂಡೊಂದನ್ನು ಹುಡುಕಿ, ತುಂಡಾದ ಪಟ್ಟಿಯ ಎರಡೂ ತುದಿಯನ್ನು ಅದರ ಮೇಲೆ ಜೋಡಿಸಿ ಮಷೀನಿನ ಮುಂದೆ ಕೂತಳು.

“ಏನ್ ಮಾಡ್ತಿದ್ದೀರಿ?”

“ಗ್ಯಾರಂಟಿ ಗೋಡೆ ಮೇಲೇ ಇದೆ, ಓದ್ಕೋ. ಏನೇ ಹರಿದರೂ, ಯಾರೇ ಹರಿದರೂ ಹೊಲಿದುಕೊಡ್ತೀವಿ ಅಂತಿದೆ. ಮ್ಯಾನೇಜರನ್ನ ಬಿಟ್ಟು ಅಂತ ಎಲ್ಲೂ ಇಲ್ಲ.”

“ಅದನ್ನ ಹೊಲಿದ್ರೆ ನಾಳೆಯಿಂದ ಬರಬೇಡಿ.”

“ಇವತ್ತು ಇನ್ನೂ ಇದ್ದೀನಲ್ಲ.”

ಪಟ್ಟಿ ಕೂಡಿತು, ಬುಡದ ಹೊಲಿಗೆಯೂ ಬಿಗಿಯಾಯಿತು. ಇನ್ನೊಂದು ಕೆಲಸ ಉಳಿದಿತ್ತು. ಚೀಲ ಯಾವುದರಿಂದ ಹರಿಯಿತೆಂದು ಬಟ್ಟೆಚೂರಿನ ಮೇಲೆ ಬರೆದು ಒಳಗೆ ಹೊಲಿಯುವುದು ಹಾಕನ್ ಕಾಲದ ಪದ್ಧತಿ. ಓರಿನ್‌ನ ಚೀಲದಲ್ಲಿ ಆಗಲೇ ಎರಡು ಚೂರುಗಳಿದ್ದವು: ‘ಬಂಡೆ, 1978’, ‘ಕರಡಿ, 1983’. ವರ್ನಾ ಮೂರನೆಯದರ ಮೇಲೆ ‘ಟ್ರೆಂಟ್, ಮ್ಯಾನೇಜರ್’ ಎಂದು ಬರೆದು, ಬಿಚ್ಚಲಾಗದಂತೆ ಸುತ್ತ ಎರಡು ಸಾಲು ಹೊಲಿಗೆ ಹಾಕಿದಳು. ಕೋಟು ತೊಟ್ಟು ಚೀಲವನ್ನು ಓರಿನ್ ಕೈಗಿಟ್ಟಳು.

ಮುದುಕ ಕನ್ನಡಕ ಏರಿಸಿ ಮೂರನ್ನೂ ನಿಧಾನವಾಗಿ ಓದಿದ. ಟ್ರೆಂಟ್ ಕಡೆ ತಿರುಗಿದ.

“ಕರಡಿಗೆ ಹಸಿವಾಗಿತ್ತು ಕಣಪ್ಪಾ,” ಎಂದ. “ನಿಂಗೇನಾಗಿತ್ತು?”