ಬಚ್ಚಲೊಲೆಯ ಪಕ್ಕ ನಿಂತ ಬೈಕು

ನಮ್ಮ ಯಜಮಾನರು ಸಿದ್ದಯ್ಯನವರ ಬೈಕಿಗೆ ಇಪ್ಪತ್ತೆರಡು ವರ್ಷ. ಚಳಿಗಾಲ ಬಂತೆಂದರೆ ಬೆಳಿಗ್ಗೆ ಅದು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಆರೂವರೆಗೆ ಕುಂದೂರಿನ ಡೈರಿಗೆ ಹಾಲು ಹಾಕಬೇಕಲ್ಲ? ಅದಕ್ಕೆ ಇವರೊಂದು ಉಪಾಯ ಕಂಡುಕೊಂಡರು. ಸಂಜೆ ಬೈಕನ್ನು ಬಚ್ಚಲುಮನೆಗೆ ತಳ್ಳಿ ಹಂಡೆ ಒಲೆಯ ಪಕ್ಕ ನಿಲ್ಲಿಸುವುದು. ಬೆಳಿಗ್ಗೆ ನಾನು ಒಲೆ ಹಚ್ಚಿದರೆ ನೀರೂ ಕಾಯುತ್ತದೆ, ಬೈಕೂ ಬೆಚ್ಚಗಾಗುತ್ತದೆ. ನಮ್ಮೂರಲ್ಲಿ ಇನ್ನೂ ನಾಲ್ಕು ಮನೆಯವರು ಹೀಗೇ ಮಾಡುತ್ತಿದ್ದರು.

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಂಕಿಪೊಟ್ಟಣ ಹಿಡಿದು ಬಚ್ಚಲ ಬಾಗಿಲು ತೆಗೆದೆ. ಪೆಟ್ರೋಲ್ ವಾಸನೆ ಗಪ್ಪನೆ ಬಡಿಯಿತು. ಕಡ್ಡಿ ಗೀರದೆ ಹಿಂದಕ್ಕೆ ಬಂದೆ.

"ರೀ, ಬಂಡಿ ಸೋರ್ತಾ ಐತೆ. ಅದು ಹೊರಗೆ ಹೋಗೋಗಂಟ ನಾನು ಒಲೆ ಹಚ್ಚಕಿಲ್ಲ."

"ಹಳೇ ಬಂಡಿ ಅಂದ್ಮೇಲೆ ಒಂದೆರಡು ತೊಟ್ಟು ಸೋರ್ತದೆ. ನೆನ್ನೆನೇ ಸೋರೋ ತಾವ ಸೋಪು ಮೆತ್ತಿದೀನಿ ಕಣೆ, ಸುಮ್ಕಿರು."

"ಸೋಪಿಗೆ ನಿಂತಿದ್ರೆ ಈ ವಾಸ್ನೆ ಎಲ್ಲಿಂದ ಬಂತು?"

"ನಿಂಗೆ ಎಲ್ಲದಕ್ಕೂ ಭಯ. ಈ ಚಳೀಲಿ ನಾನು ತಣ್ಣೀರು ಹುಯ್ಕೋಬೇಕಾ?"

"ಹುಯ್ಕೊಳ್ಳಿ, ಕರಗೋಗಕಿಲ್ಲ!"

ನನ್ನ ಅಣ್ಣನ ಮಗಳು ಗಗನಾ ಐಟಿಐ ಮುಗಿಸಿ ಆಲೂರಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದಾಳೆ. ಫೋನ್ ಮಾಡಿದೆ. ಗಂಟೆಯೊಳಗೆ ಬಂದಳು.

"ಮಾವ, ಮೊದ್ಲು ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ತಿರುಗ್ಸಿ ಬಂದ್ ಮಾಡಿ. ಸ್ಟಾರ್ಟ್ ಮಾಡ್ದೇ ಅಂಗಳಕ್ಕೆ ತಳ್ಕೊಂಡು ಬನ್ನಿ. ಬೀಡಿ ಆ ಕಡೆ ಇಡಿ."

ಸೋಪನ್ನು ಕೆರೆದು ತೆಗೆದಳು. ಟ್ಯಾಂಕಿನ ಪೆಟ್ರೋಲ್ ಇಳಿದು ತುಂಬುವ ಕಾರ್ಬುರೇಟರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿದಳು. ಕೆಳಗೊಂದು ತಗಡಿನ ಡಬ್ಬಿ ಇಟ್ಟು ಕಾಕ್ ತೆಗೆದು, "ಈಗ ಮೊದ್ಲು ಎಲ್ಲಿ ಒದ್ದೆ ಆಯ್ತದೆ ನೋಡಾನ" ಅಂದಳು. ಮೂವರೂ ಕೂತು ನೋಡಿದೆವು. ಮೇಲೆಲ್ಲ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಕೆಳಗಿನ ಸಣ್ಣ ಪೈಪಿನ ತುದಿಯಲ್ಲಿ ಒಂದು ತೊಟ್ಟು ದಪ್ಪವಾಯಿತು, ಟಪ್ಪೆಂದು ಬಿತ್ತು. ಹಿಂದೆಯೇ ಇನ್ನೊಂದು.

"ಅಲ್ಲಿಂದ ಯಾಕೆ ಬತ್ತದೆ?" ಇವರಿಗೂ ಕುತೂಹಲ ಹುಟ್ಟಿತು.

"ನಿಮ್ಮನೆ ನೀರಿನ ಟ್ಯಾಂಕಲ್ಲಿ ಚೆಂಡು ಐತಲ್ಲ ಮಾವ, ತುಂಬಿದ್ಮೇಲೆ ನೀರು ನಿಲ್ಸೋದು? ಇದ್ರೊಳಗೂ ಅಂಥದ್ದೇ ಒಂದು ಐತೆ. ಅದು ಮೇಲಕ್ಕೆ ಬಂದಾಗ ಒಂದು ಸೂಜಿ ತೂತನ್ನ ಮುಚ್ತದೆ. ಸೂಜಿ ಸವೆದ್ರೆ, ಇಲ್ಲಾ ಕಸ ಸಿಕ್ಕಂಡ್ರೆ, ತೂತು ಮುಚ್ಚಕಿಲ್ಲ. ತುಂಬಿ ಚೆಲ್ತದೆ."

"ಅಷ್ಟೇನಾ? ಬಚ್ಚಲಲ್ಲಿ ಬಿದ್ದಿದ್ದು ಮೋರಿಗೆ ಹೋಯ್ತದೆ ಬಿಡು ಮಾರಾಯ್ತಿ."

"ಹೋಯ್ತದಾ? ನೋಡೇ ಬುಡಾನ. ಅತ್ತೆ, ಒಂದು ಚೊಂಬು ನೀರು ಕೊಡಿ."

ಬೈಕು ನಿಲ್ಲುತ್ತಿದ್ದ ಜಾಗದಲ್ಲೇ ನೀರು ಸುರಿದಳು. ಒಂದಷ್ಟು ಮೋರಿಗೆ ಹೋಯಿತು. ಉಳಿದದ್ದು ಚಪ್ಪಡಿಯ ಸಂದು ಹಿಡಿದು ಸೀದಾ ಒಲೆಯ ಬಾಯಿಗೆ ಹರಿದು ಬೂದಿಯನ್ನು ನೆನೆಸಿತು.

"ಇದಾದ್ರೂ ಕಣ್ಣಿಗೆ ಕಾಣ್ತದೆ. ಪೆಟ್ರೋಲ್ ಆವಿ ಕಾಣಕಿಲ್ಲ. ಅದೂ ನೆಲ ಹಿಡ್ಕಂಡೇ ಬೆಂಕಿ ತಾವ ಹೋಯ್ತದೆ, ಮಾವ."

ಇವರು ಬೂದಿಯನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು: "ಕಲ್ಯಾಣಿ, ಒಲೆ ಹಚ್ಚಕೆ ನೀನು ದಿನಾ ಇಲ್ಲೇ ಅಲ್ವಾ ಕುಕ್ಕರಗಾಲಲ್ಲಿ ಕೂರೋದು?"

ನಾನು ಹೂಂ ಅಂದೆ. ನನಗೆ ಅಳು ಬಂತು.

ಎರಡು ದಿನ ಹಾಲು ಪಕ್ಕದ ಮನೆ ಸುರೇಂದ್ರನ ಸ್ಕೂಟರಿನಲ್ಲಿ ಹೋಯಿತು. ಗಗನಾ ಹೊಸ ಸೂಜಿ, ಹೊಸ ವಾಷರ್ ತಂದು ಹಾಕಿದಳು. ಕಾಕ್ ತೆಗೆದು ಹತ್ತು ನಿಮಿಷ ಕಾದರೂ ಒಂದು ಹನಿ ಬೀಳಲಿಲ್ಲ. ಹೊರಡುವಾಗ, "ಚಳಿಗೆ ಅಂತ ಚೋಕ್ ಕೊಟ್ಟವ್ರೆ ಮಾವ, ಒಲೆ ಅಲ್ಲ" ಎಂದು ನಕ್ಕಳು. ಈಗ ಬೈಕಿನ ವಾಸ ಹೊರಗಿನ ಚಾವಡಿಯಲ್ಲಿ. ಚೋಕ್ ಗುಂಡಿ ಎಳೆದರೆ ಮೂರು ಕಿಕ್ಕಿಗೆ ಹೊರಡುತ್ತದೆ.

ಆದರೂ ದಿನಾ ಬೆಳಿಗ್ಗೆ ಇವರೇ ಮೊದಲು ಬಚ್ಚಲಿಗೆ ಹೋಗಿ, ಮೂಲೆ ಮೂಲೆ ನೋಡಿ, ಆಮೇಲೆ "ಬಾ, ಹಚ್ಚು" ಅನ್ನುತ್ತಾರೆ. ಬಂಡಿಯೇ ಇಲ್ಲವಲ್ಲ ಅಂದರೆ, "ಇರ್ಲಿ ಬಿಡೆ" ಅನ್ನುತ್ತಾರೆ.

ನಿಮ್ಮ ಮನೆಯಲ್ಲೂ ಹಳೇ ಬೈಕೋ ಜೀಪೋ ಇದೆಯೇ? ಪೆಟ್ರೋಲ್ ವಾಸನೆ ಬಂದರೆ ಕಾಕ್ ಬಂದ್ ಮಾಡಿ, ಬಯಲಿಗೆ ತಳ್ಳಿ, ಮೆಕ್ಯಾನಿಕ್‌ಗೆ ತೋರಿಸಿ. ಸೋಪು ಮೆತ್ತಿ ಕೂರಬೇಡಿ. ಒಲೆಯ ಹತ್ತಿರವಂತೂ ಬೇಡವೇ ಬೇಡ. ಅಕ್ಕಂದಿರೇ, ವಾಸನೆ ಪೂರ್ತಿ ಹೋಗುವ ತನಕ ಕಡ್ಡಿ ಗೀರಬೇಡಿ, ಕರೆಂಟ್ ಸ್ವಿಚ್ಚೂ ಮುಟ್ಟಬೇಡಿ, ಅದರ ಕಿಡಿಯೂ ಸಾಕು. ಮನೆಯವರು ಬೈದರೆ ಬೈಯಲಿ. ಬೈಯುವುದಕ್ಕೆ ಅವರೂ ಇರಬೇಕು, ಬೈಸಿಕೊಳ್ಳುವುದಕ್ಕೆ ನಾವೂ ಇರಬೇಕು.