ಹಾಳೆಯ ಬಿಗಿ

"ಸಾಕು," ಎಂದ ಮಹದೇವಯ್ಯ, ಯಂತ್ರದಲ್ಲಿ ಬಿಗಿದಿದ್ದ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಹೆಬ್ಬೆರಳನ್ನು ಒತ್ತಿಕೊಂಡೇ.

ಪ್ಯಾನೆಲ್ಲಿನ ಮುಂದೆ ಕೂತಿದ್ದ ಇಂಜಿನಿಯರ್ ಹೇಮಶ್ರೀ ಎಳೆತ ಹೆಚ್ಚಿಸುವ ನಾಬ್ ತಿರುಗಿಸುವುದನ್ನು ನಿಲ್ಲಿಸಿ ಅದು ತೋರಿಸಿದ ಅಂಕಿ ಬರೆದುಕೊಂಡಳು. ಮೊದಲ ಸಲ ನಾನೂರ ಹನ್ನೆರಡು ಬಂದಿತ್ತು. ಎರಡನೇ ಸಲ ಐನೂರ ಮೂವತ್ತು. ಈಗ ಮುನ್ನೂರ ಅರವತ್ತೇಳು.

"ಒಂದೇ ಬಿಗಿ ತಾನೇ, ಮಾದೇವಯ್ಯನೋರೆ?"

"ಒಂದೇಯ ಮೇಡಂ. ಹದಿನೆಂಟು ವರ್ಷದಿಂದ ಒಂದೇಯ."

ಕಡಕೊಳದ ಆ ಕಾರ್ಖಾನೆಯಲ್ಲಿ ಹಾಳೆ ಸುತ್ತುವ ಯಂತ್ರಕ್ಕೆ ಹೊಸ ಕಂಟ್ರೋಲರ್ ಬಂದು ವಾರವಾಗಿತ್ತು. ರೋಲರಿನ ಮೇಲೆ ಬೀಳುವ ಎಳೆತವನ್ನು ಅನಲಾಗ್ ಇನ್‌ಪುಟ್ ಕಾರ್ಡು ಅಂಕಿಯಾಗಿ ಓದಬೇಕು. ಎಷ್ಟು ಎಳೆಯಬೇಕೆಂದು ಔಟ್‌ಪುಟ್ ಕಾರ್ಡು ಮೋಟಾರಿಗೆ ತಿಳಿಸಬೇಕು. ಸರಿಯಾದ ಬಿಗಿ ಎಷ್ಟೆಂಬುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೆಚ್ಚಾದರೆ ಹಾಳೆಯ ಮೇಲಿನ ಅಕ್ಷರ ಹಿಗ್ಗುತ್ತಿತ್ತು, ಕಡಿಮೆಯಾದರೆ ಸುರುಳಿ ಸುಕ್ಕಾಗುತ್ತಿತ್ತು. ಅದು ಗೊತ್ತಿದ್ದದ್ದು ಮಹದೇವಯ್ಯನ ಹೆಬ್ಬೆರಳಿಗೆ. ಉಳಿದ ಹಳಬರೆಲ್ಲ ಪ್ಯಾಕಿಂಗಿಗೆ ಹೋದರೂ ಅವನೊಬ್ಬ ಯಂತ್ರದ ಮೇಲೇ ಉಳಿದದ್ದು ಅದರಿಂದಲೇ. ಅವನು ಸಾಕೆಂದಾಗ ಕಾರ್ಡು ತೋರಿಸಿದ ಅಂಕಿಯನ್ನೇ ಕಂಟ್ರೋಲರಿಗೆ ಕೊಡಬೇಕಿತ್ತು.

ಹೇಮಶ್ರೀ ತಂತಿಗಳನ್ನು ಬಿಗಿಸಿದಳು. ಕಾರ್ಡು ಬಿಚ್ಚಿ ಮತ್ತೆ ಕೂರಿಸಿದಳು. ಅಷ್ಟರಲ್ಲಿ ಮ್ಯಾನೇಜರ್ ಸುಂದರೇಶ ಬಂದು ಅವಳ ನೋಟ್‌ಬುಕ್ಕಿನಲ್ಲಿ ಇಣುಕಿದರು.

"ಏನಮ್ಮಾ ಇದು, ಲಾಟರಿ ನಂಬರಾ?"

"ಕಾರ್ಡು ತಪ್ಪು ಓದ್ತಿದೆ ಅನ್ಸುತ್ತೆ ಸರ್."

"ಅನ್ಸುತ್ತೆ ಅಂದ್ರೆ? ಕೂರಿಸಿದ್ದು ನೀನೇ ತಾನೇ. ವಾಪಸ್ ಕಳಿಸಿದ್ರೆ ತಿಂಗಳು ಮಷಿನ್ ನಿಲ್ಲುತ್ತೆ. ನಿನ್ನ ಪ್ರೊಬೇಷನ್ನೂ ಈ ತಿಂಗಳೇ ಮುಗಿಯೋದು, ನೆನಪಿರ್ಲಿ."

ಅವಳು ತಲೆ ತಗ್ಗಿಸಿದಳು. ಮಹದೇವಯ್ಯ ಬಲಗೈಯನ್ನು ಜೇಬಿಗೆ ತೂರಿಸಿದ. ಸಕ್ಕರೆ ಕಾಯಿಲೆಯಿಂದ ಹೆಬ್ಬೆರಳಿಗೆ ಹಿಡಿದ ಜೋಮು ದಸರೆಗೆ ಮುಂಚಿನಿಂದಲೂ ಬಿಟ್ಟಿರಲಿಲ್ಲ. ಯಂತ್ರ ಓಡುವಾಗ ಹಾಳೆಯ ಸದ್ದು ಕೇಳಿಕೊಂಡು, ಒತ್ತಿದಂತೆ ಮಾಡಿ ಇಷ್ಟು ದಿನ ನಿಭಾಯಿಸಿದ್ದ. ಇವತ್ತು ಹಾಳೆ ನಿಂತಿತ್ತು, ಸದ್ದೇ ಇರಲಿಲ್ಲ. ಮನೆಯಲ್ಲಿ ಬಿಸಿ ಕಾಫಿಯ ಲೋಟವನ್ನು ಹಾಗೇ ಹಿಡಿದು ಕೂತದ್ದನ್ನು ಕಂಡು ಹೆಂಡತಿ ಚಲುವಮ್ಮ "ಸುಡಾಕಿಲ್ವಾ?" ಎಂದಾಗಲೂ ನಕ್ಕು ಸುಮ್ಮನಾಗಿದ್ದ.

"ಕಾರ್ಡು ಸರಿಯಾಗೇ ಅದೆ ಸಾ," ಎಂದ. "ಸುಳ್ಳು ಏಳ್ತಾ ಇರೋದು ನನ್ ಎಬ್ಬೆಟ್ಟು. ಅದ್ರಲ್ಲಿ ಸ್ಪರ್ಶ ಇಲ್ಲ."

ಸುಂದರೇಶ ನಕ್ಕರು. "ಹುಡುಗೀನ ಉಳಿಸೋಕೆ ಹೊರಟೆಯೇನಯ್ಯ?"

"ಬೇಕಾದ್ರೆ ನೋಡ್ಬುಡಿ."

ಮಹದೇವಯ್ಯ ಮೇಜಿನ ಮೇಲೆ ಕೈ ಚಾಚಿ ಕಣ್ಣು ಮುಚ್ಚಿದ. "ಆ ಪೆನ್ಸಿಲ್ ತಕಂಡು ಚುಚ್ಚಿ ಮೇಡಂ."

ಆಚೆ ಪ್ಯಾಕಿಂಗಿನವರು ಟೇಪು ಎಳೆಯುವ ಸದ್ದು ಕೇಳಿಸುತ್ತಿತ್ತು. ಅವನು ಕಾದ.

"ಎದ್ರಿಕೆನಾ? ಚುಚ್ಚು ಕಣವ್ವ, ಪರವಾಗಿಲ್ಲ."

ಕಣ್ಣು ತೆರೆದ. ಪೆನ್ಸಿಲ್ಲಿನ ಮೊನೆ ಆಗಲೇ ಅವನ ಹೆಬ್ಬೆರಳಲ್ಲಿ ಗುಳಿ ಮಾಡಿಕೊಂಡು ಕೂತಿತ್ತು. ಅದನ್ನು ಹಿಡಿದಿದ್ದ ಹೇಮಶ್ರೀಯ ಉಗುರುಗಳು ಬೆಳ್ಳಗಾಗಿದ್ದವು.