ಎಡಗಡೆಯ ಅತ್ತೆ

ಆ ಮನೆಯ ಹಜಾರದಲ್ಲಿ ಇಬ್ಬರು ಸದಾ ನಿಂತೇ ಇರುತ್ತಿದ್ದರು. ಎದೆಮಟ್ಟದ ಎತ್ತರ, ಒಬ್ಬೊಬ್ಬರದೂ ನಲವತ್ತು ಕಿಲೋ ತೂಕ, ಮುಖ ಕಾಣುವ ಹಾಗೆ ಪಾಲಿಶ್ ಆದ ಕಂದು ಮರದ ಮೈ, ಮುಂದೆ ಕಪ್ಪು ಬಟ್ಟೆಯ ಮುಸುಕು. ನಾಲ್ಕು ವರ್ಷದ ಹಿಂದೆ ಬಂದ ಭಾರೀ ಸ್ಪೀಕರುಗಳು ಅವು. ಬಂದ ವಾರದಲ್ಲೇ ಮನೆಯಾಕೆ ಎಡಗಡೆಯದಕ್ಕೆ ಅತ್ತೆ, ಬಲಗಡೆಯದಕ್ಕೆ ಮಾವ ಅಂತ ಹೆಸರಿಟ್ಟುಬಿಟ್ಟಿದ್ದಳು.

"ಇನ್ನೇನಂತ ಕರೀಲಿ ಹೇಳು?" ಅಂತ ತಂಗಿಗೆ ಫೋನಿನಲ್ಲಿ ಕೇಳಿದ್ದಳು. "ಅವರ ಮುಂದೆ ಅಡ್ಡ ಹಾಯಬಾರದು. ಅವರ ತಲೆ ಮೇಲೆ ಒಂದು ಲೋಟ ಇಡಬಾರದು. ಮುಟ್ಟೋಕೆ ಮುಂಚೆ ಕೈ ತೊಳೀಬೇಕು. ಅವರು ಬಾಯಿ ಬಿಟ್ಟರೆ ನಾನು ಬಾಯಿ ಮುಚ್ಚಬೇಕು. ನನ್ನ ನಿಜವಾದ ಅತ್ತೆ ಮಾವ, ಪಾಪ, ಇಷ್ಟು ಕಾಟ ಕೊಟ್ಟಿರಲಿಲ್ಲ ಕಣೇ."

ಅವಳು ಹೊಲಿಗೆಯವಳು. ಕಿಟಕಿಯ ಬೆಳಕಿಗಾಗಿ ಹಜಾರದಲ್ಲಿದ್ದ ಅವಳ ಮೆಷಿನ್ನು ಅತ್ತೆ ಮಾವ ಬಂದ ಮೇಲೆ ಅಡುಗೆಮನೆಯ ಪಕ್ಕಕ್ಕೆ ಹೋಗಿತ್ತು. ಅದಕ್ಕವಳು ಎರಡು ದಿನ ಮುಖ ಊದಿಸಿಕೊಂಡಿದ್ದು ನಿಜ. ಆದರೆ ಗಂಡ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವ ರೀತಿ ನೋಡಿದ ಮೇಲೆ ಹೋಗಲಿ ಬಿಡು ಅಂದುಕೊಂಡಳು. ಆ ಕುರ್ಚಿ ಕೂಡ ಎಲ್ಲೆಂದರಲ್ಲಿ ಇರುವಂತಿರಲಿಲ್ಲ. ಅದರ ನಾಲ್ಕು ಕಾಲಿಗೂ ಅತ್ತೆ ಮಾವಂದಿರ ಪಾದಕ್ಕೂ ನೆಲದ ಮೇಲೆ ಬಿಳಿ ಅಂಟುಪಟ್ಟಿಯ ಗುರುತುಗಳಿದ್ದವು. ಗುಡಿಸುವಾಗ ಒಂದು ಬೆರಳಷ್ಟು ಜರುಗಿದರೂ ಮೇಸ್ತ್ರಿಗೆ ಗೊತ್ತಾಗುತ್ತಿತ್ತು.

ಮೇಸ್ತ್ರಿ ಅಂದರೆ ಅವಳ ಗಂಡ. ಬಸ್ ಡಿಪೋದಲ್ಲಿ ಮೂವತ್ತು ವರ್ಷದಿಂದ ಇಂಜಿನ್ ಕೆಲಸ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ, ಅರೆಗಳಿಗೆ ನಿಂತು "ಮೂರನೇ ಬೇರಿಂಗು" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಮೂರನೇ ಬೇರಿಂಗೇ. ಡಿಪೋದಲ್ಲಿ ಅವನ ಕಿವಿ ಅಂದರೆ ಕೋರ್ಟಿನ ತೀರ್ಪು.

ಇದೇ ಸ್ಪೀಕರು ಇಟ್ಟುಕೊಂಡವರ ಒಂದು ಗುಂಪು ಫೋನಿನಲ್ಲಿತ್ತು. ಅರವತ್ತು ಜನ. ಮನೆಯಲ್ಲಿ ಅದು ಹೇಗೆ ಹಾಡುತ್ತಿದೆ, ಗೋಡೆಯಿಂದ ಎಷ್ಟು ದೂರ ಇಟ್ಟರೆ ಒಳ್ಳೆಯದು, ಹಳತಾದಂತೆ ದನಿ ಹೇಗೆ ಮಾಗಿತು ಅಂತ ಆಗಾಗ ಬರೆಯುತ್ತಿದ್ದರು. ಅಲ್ಲೂ ಮೇಸ್ತ್ರಿ ಬರೆದದ್ದೇ ಕೊನೆಯ ಮಾತು. ಬರೆದದ್ದು ಅನ್ನುವುದೂ ತಪ್ಪೇ. ಗ್ರೀಸು ಕುಡಿದು ಬಿರುಕುಬಿಟ್ಟ ಅವನ ಬೆರಳಿಗೆ ಫೋನಿನ ಗಾಜು ಬಗ್ಗುತ್ತಿರಲಿಲ್ಲ. ಅವನು ಹೇಳುತ್ತಿದ್ದ, ಇವಳು ಒತ್ತುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ, ಅವನು ಡಿಪೋಗೆ ಹೋದ ಮೇಲೆ, ಅವಳು ಅತ್ತೆಯ ಮುಸುಕು ತೆಗೆದಳು. ಒಳಗೆಲ್ಲ ತನ್ನ ಹೊಲಿಗೆಯ ನೂಲಿನ ಧೂಳು. ಮೆತ್ತನೆ ಬ್ರಶ್ಶಿನಲ್ಲೇ ಒರೆಸು ಅಂತ ಅವನು ಸಾವಿರ ಸಲ ಹೇಳಿದ್ದ. ಬ್ರಶ್ಶು ಸಿಗಲಿಲ್ಲ. ಧೂಳು ಹೀರುವ ಯಂತ್ರ ಕೈಯಲ್ಲೇ ಇತ್ತು. ಮೂತಿ ಹತ್ತಿರ ಹಿಡಿದಳು. "ಪಚಕ್!"

ಮೇಲ್ಗಡೆ ಕೋಟಿನ ಗುಂಡಿಯಷ್ಟು ಗಾತ್ರದ ಒಂದು ಮೆತ್ತನೆಯ ಗುಮ್ಮಟ ಇರುತ್ತದೆ. ಟ್ವೀಟರ್ ಅನ್ನುತ್ತಾರೆ. ಕೀಚಲು, ಕಿಣಿಕಿಣಿ, ಹಾಡುವವರ ಉಸಿರು, ಇಂಥ ಸಣ್ಣ ದನಿಯೆಲ್ಲ ಅದರ ಪಾಲು. ಅದು ಯಂತ್ರದ ಬಾಯಿಗೆ ಕಿತ್ತುಬಂದು, ಬಿಡಿಸಿದಾಗ ನಜ್ಜುಗುಜ್ಜಾಗಿತ್ತು. ಹೊಲಿಗೆಯವಳ ಕೈ, ಸುಮ್ಮನಿದ್ದೀತೇ? ಅಂಟುಪಟ್ಟಿ ಹಚ್ಚಿ ಮೆಲ್ಲಗೆ ಎಳೆದೆಳೆದು ಗುಂಡಗೆ ಮಾಡಿ ಕೂರಿಸಿದಳು. ಹಾಡು ಹಾಕಿ ಕಿವಿ ಹತ್ತಿರ ತಂದಳು. ಆಕಾರ ಬಂದಿತ್ತು, ಜೀವ ಬಂದಿರಲಿಲ್ಲ. ಮುಸುಕು ಹಾಕಿ, ಸಂಜೆಗಾಗಿ ಕಾದಳು.

ಸಂಜೆ ಅವನು ಕೂತ. ಹಾಡು ಶುರುವಾಯಿತು. ಅವಳು ಅಡುಗೆಮನೆಯ ಪಕ್ಕದಲ್ಲಿ ಮೆಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟು, ತುಳಿಯದೆ ಕೂತಳು.

"ಆಹಾ!" ಅಂದ ಮೇಸ್ತ್ರಿ.

ಬದುಕಿದೆಯಾ ಬಡಜೀವವೇ ಅಂದುಕೊಂಡಳು. ಮರುದಿನವೂ ಆಹಾ. ಅದರ ಮರುದಿನವೂ. ನಾಲ್ಕನೇ ದಿನವೂ ಆಹಾ. ಬೈಗುಳ ತಪ್ಪಿತೆಂದು ಖುಷಿಪಡಬೇಕಾದವಳಿಗೆ ಬೇರೆಯದೇ ಭಯ ಹುಟ್ಟಿತು. ಅಡುಗೆಮನೆಯಿಂದಲೇ ತನಗೆ ಕೇಳುವ ಕೊರತೆ, ಎದುರು ಕೂತವನಿಗೆ ಕೇಳುತ್ತಿಲ್ಲವಲ್ಲ?

ಎರಡು ಸಲ ಗುಂಪಿಗೆ ಬರೆಸಿದ. ಎರಡನೆಯ ಸಲ, "ಬರಿಯೇ, ಹಾಡಿನಲ್ಲಿ ಎಡಗಡೆಯ ಸಣ್ಣ ಗಂಟೆಗಳು ಈಗ ಇನ್ನೂ ಬಿಡಿಸಿಕೊಂಡು ಕೇಳ್ತಿವೆ, ಒಂದೊಂದನ್ನೂ ಎಣಿಸಬಹುದು" ಅಂದ. ಅವಳ ಹೆಬ್ಬೆರಳು ಗಾಜಿನ ಮೇಲೆ ನಿಂತುಹೋಯಿತು.

"ಏನಾಯ್ತು?"

"ಗಂಟೆ ಅಂತ ಒತ್ತಿದ್ರೆ ಗಂಟು ಅಂತ ಬರ್ತಿದೆ ರೀ" ಅಂದು ಒತ್ತಿದಳು.

ಆರನೆಯ ವಾರದ ಬುಧವಾರ ಮೇಸ್ತ್ರಿ ಹಿಗ್ಗಿಕೊಂಡೇ ಬಂದ. ಗುಂಪಿನವರು ಐದು ಜನ ಭಾನುವಾರ ಇವರ ಮನೆಗೆ ಕೇಳಲು ಬರುತ್ತಾರೆ. ಹಲ್ಲು ಡಾಕ್ಟರು ಬರುತ್ತಾರೆ, ಅಳೆಯದೆ ಏನನ್ನೂ ನಂಬದ, ಎಲ್ಲರೂ 'ಟೇಪು' ಅಂತ ಕರೆಯುವ ಮನುಷ್ಯನೂ ಬರುತ್ತಾನೆ. "ಎಡಗಡೆಯ ಗಂಟೆ ಕೇಳಬೇಕಂತೆ" ಅಂದ.

ಅವಳು ತಂಗಿಗೆ ಫೋನು ಮಾಡಿದಳು.

"ಅಕ್ಕಾ, ನೀನೇ ಕೆಡಿಸಿದ್ದು ಅಂತ ಒಪ್ಕೊಂಡುಬಿಡು. ಭಾವ ಒಂದು ದಿನ ಕೂಗಾಡ್ತಾರೆ, ಮುಗೀತು."

"ಕೂಗಾಡಿದ್ರೆ ಸಾಕಿತ್ತಲ್ಲೇ. ಕೆಡಿಸಿದ್ದು ಯಾವತ್ತು ಅಂತ ಕೇಳ್ತಾರೆ. ಆಮೇಲೆ?"

ತಂಗಿಗೆ ಅರ್ಥವಾಯಿತು. "ಆ ಐದು ಜನರ ಬಾಯಿಂದ ಕೇಳೋದಕ್ಕಿಂತ ನಿನ್ನ ಬಾಯಿಂದ ಕೇಳೋದು ವಾಸಿ ಅಲ್ವಾ?"

ಶುಕ್ರವಾರ ಸಂಜೆ ಅವನು ಕೂರುವ ಮೊದಲೇ ಅವಳು ಅತ್ತೆಯ ಮುಸುಕು ತೆಗೆದಿಟ್ಟು ನಿಂತಿದ್ದಳು.

"ರೀ, ಇದನ್ನ ನಾನು ಹಾಳುಮಾಡಿದೆ."

ಮೇಸ್ತ್ರಿ ಬಗ್ಗಿ ನೋಡಿದ. ಗುಮ್ಮಟದ ಮೇಲಿನ ಸುಕ್ಕು ಕಂಡಿತು. ಮುಖ ಕೆಂಪಾಯಿತು. "ನಿನಗೆ ಬುದ್ಧಿ ಇದೆಯೇನೇ? ಬ್ರಶ್ಶಿಗೇನಾಗಿತ್ತು ರೋಗ? ಇವತ್ತು ಶುಕ್ರವಾರ, ನಾಡಿದ್ದು ಜನ ಬರ್ತಾರೆ, ಇವತ್ತೇ ಮಾಡಬೇಕಿತ್ತಾ?"

"ಇವತ್ತಲ್ಲ."

"ಮತ್ತೆ?"

"ಆರು ವಾರ ಆಯ್ತು."

ಅವನು ಮೆಲ್ಲಗೆ ಬೆರಳು ಮಡಚಿ ವಾರ ಎಣಿಸಿದ. ಎರಡು ಬರಹ. ನಲವತ್ತು ಆಹಾ. ಆಮೇಲೆ ಮಾವನ ಮುಸುಕೂ ತೆಗೆದ. ಗಂಟೆಯ ಹಾಡು ಹಾಕಿ, ಅತ್ತೆಯ ಟ್ವೀಟರಿಗೆ ಕಿವಿ ಕೊಟ್ಟ. ಎದ್ದುಹೋಗಿ ಮಾವನದಕ್ಕೆ ಕೊಟ್ಟ. ಮತ್ತೆ ಅತ್ತೆಗೆ.

"ಮಾವನ ಗಂಟೆ ನಿನಗೆ ಕೇಳ್ತಿದೆಯಾ?"

"ಚೆನ್ನಾಗಿ."

"ನನಗೆ ಎರಡೂ ಒಂದೇ" ಅಂದ ಮೇಸ್ತ್ರಿ. ಕುರ್ಚಿಯಲ್ಲಿ ಕೂತ. ಅವಳು ಕಾಲ ಬಳಿ ನೆಲದ ಮೇಲೆ, ಬಿಳಿ ಗುರುತಿನ ಪಕ್ಕ ಕೂತಳು. ಹಾಡು ಮುಗಿದ ಮೇಲೆ ಅವನು ಹೇಳಿದ. "ಹೋದ ತಿಂಗಳು ಒಂದು ಬಸ್ಸಿನ ಬೆಲ್ಟು ಕಿರುಚ್ತಿತ್ತಂತೆ. ಎಲ್ಲರಿಗೂ ಕೇಳ್ತು. ಗಲಾಟೆ ಮಾಡಬೇಡ್ರೋ, ಕೇಳಿಸ್ತಿಲ್ಲ ಅಂತ ಅವರಿಗೇ ಬೈದೆ."

"ಮೂವತ್ತು ವರ್ಷ ಇಂಜಿನ್ನಿನ ಹತ್ತಿರ ತಲೆ ಇಟ್ಟವರು ನೀವು. ಕಿವಿ ಏನು ಕಬ್ಬಿಣದ್ದಾ?"

"ಫೋನು ತಗೋ. ಮೈಗೆ ಹುಷಾರಿಲ್ಲ, ಭಾನುವಾರ ಬರಬೇಡಿ ಅಂತ ಒತ್ತು."

ಒತ್ತಿದಳು. ಕಳಿಸಲಿಲ್ಲ. ಫೋನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಕಳಿಸಿದೆಯಾ?"

"ಇಲ್ಲ."

"ಯಾಕೆ?"

"ಮುಂದಿನ ತಿಂಗಳು ಏನು ಬರೆಸ್ತೀರಿ? ಗಂಟೆ ಬಗ್ಗೆ ಮತ್ತೆ ಸುಳ್ಳು ಒತ್ತೋಕೆ ನನ್ನ ಕೈಲಾಗಲ್ಲ ರೀ."

ಮೇಸ್ತ್ರಿ ಗೋಡೆ ನೋಡಿದ. ಮಾವನನ್ನು ನೋಡಿದ. "ಅಳಿಸು. ಬರಿ. ಎಡಗಡೆಯ ಟ್ವೀಟರ್ ಹೋಗಿ ಆರು ವಾರ. ನನಗೆ ಗೊತ್ತಾಗಲಿಲ್ಲ. ಸಣ್ಣ ದನಿ ನನ್ನ ಕಿವಿಗೆ ಬೀಳ್ತಿಲ್ಲ. ಹಿಂದಿನ ಎರಡು ಬರಹ ನಂಬಬೇಡಿ. ಈಗ ಅದು ಹೇಗೆ ಕೇಳ್ತಿದೆ ಅಂದರೆ..." ನಿಲ್ಲಿಸಿ ಅವಳ ಕಡೆ ತಿರುಗಿದ. "ಹೇಗೆ ಕೇಳ್ತಿದೆಯೇ?"

ಅವಳು ಯೋಚಿಸಿದಳು. "ಬಲಗಡೆ ಅಂಚು ಮಡಚಿ ನೀಟಾಗಿ ಹೊಲಿದಿದೆ. ಎಡಗಡೆ ಹೊಲಿದೇ ಇಲ್ಲ, ಬಟ್ಟೆ ಹಾಗೇ ಜೋತುಬಿದ್ದಿದೆ."

"ಅದನ್ನೇ ಬರಿ."

ಭಾನುವಾರ ಐದು ಜನವೂ ಬಂದರು. ಒಬ್ಬರೂ ನಗಲಿಲ್ಲ. ಹಲ್ಲು ಡಾಕ್ಟರು ತಮ್ಮ ಬಳಿಯಿದ್ದ ಒಂದು ಬಿಡಿ ಟ್ವೀಟರ್ ತಂದಿದ್ದರು. ಬಾಯೊಳಗೆ ಬೆರಳಾಡಿಸಿ ಪಳಗಿದ ಕೈ, ಹತ್ತು ನಿಮಿಷದಲ್ಲಿ ಕೂರಿಸಿದರು. "ನನಗೂ ಡ್ರಿಲ್ಲಿನ ಸದ್ದಿಗೆ ಬಲಗಿವಿ ಅರ್ಧ ಹೋಗಿದೆ ಮೇಸ್ತ್ರಿ, ಯಾರಿಗೂ ಹೇಳಿರಲಿಲ್ಲ" ಅಂದರು. ಸೋಮವಾರ ಕಿವಿ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗುವುದೆಂದು ಅಲ್ಲೇ ಮಾತಾಯಿತು.

ಟೇಪು ಜೇಬಿನಿಂದ ತನ್ನ ಅಳತೆಪಟ್ಟಿ ಎಳೆದು, "ಇನ್ನು ಗುರುತಿನ ಮೇಲೆ ನಿಲ್ಲಿಸೋಣ. ಮೇಸ್ತ್ರಿ, ಕೂತ್ಕೊಳ್ಳಿ, ಕೇಳಿ ಹೇಳಿ" ಅಂದ.

ಮೇಸ್ತ್ರಿ ಕೂರಲಿಲ್ಲ. ಅಡುಗೆಮನೆಯ ಕಡೆ ನೋಡಿ, "ಬಾರೇ ಇಲ್ಲಿ" ಅಂದ. ಅವಳು ಕೈ ಒರೆಸಿಕೊಳ್ಳುತ್ತ ಬಂದು, ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ಕೂತಳು. ಹಾಡು ಶುರುವಾಯಿತು.

"ಅತ್ತೆ ಸ್ವಲ್ಪ ಜಾಸ್ತಿ ಮಾತಾಡ್ತಿದ್ದಾರೆ" ಅಂದಳು. "ಗೋಡೆ ಕಡೆ ತಿರುಗಿಸಿ."

"ಯಾವ ಅತ್ತೆ?" ಅಂತ ಟೇಪು ಸುತ್ತ ನೋಡಿದ.

ಮೇಸ್ತ್ರಿ ಆಗಲೇ ಮಂಡಿಯೂರಿ ಎಡಗಡೆಯ ಸ್ಪೀಕರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದ. "ಇಷ್ಟು ಸಾಕಾ?"

"ಇನ್ನೂ ಒಂದು ಬೆರಳು."

ಜರುಗಿಸಿದ. ನಾಲ್ಕು ವರ್ಷದ ಬಿಳಿ ಪಟ್ಟಿಯನ್ನು ಉಗುರಿನಿಂದ ಕೆರೆದು ಕಿತ್ತ. "ಈಗ?"

ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಐದು ಜನವೂ ಮೇಸ್ತ್ರಿಯೂ ಅವಳ ಬಾಯನ್ನೇ ನೋಡುತ್ತ ನಿಂತರು.